ಸಹಾಯ ಬೇಕು: ಅಮ್ಮನ ಕಡೆಯ ಡಿಎನ್‌ಎ 'ಡಬ್ಲ್ಯು' ಗುಂಪಿನದಂತೆ

ಎಲ್ಲರಿಗೂ ನಮಸ್ಕಾರ. ನಾನು ಬಸವನಗುಡಿಯಲ್ಲಿರುವವಳು. ಹೋದ ತಿಂಗಳು ಅಮ್ಮನ ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ಮೈಟೊಕಾಂಡ್ರಿಯಾದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ಡಿಎನ್‌ಎ ಗುಂಪು, ಅಂದರೆ ತಾಯಿಯ ಕಡೆಯ ವಂಶದ ಕವಲು, 'ಡಬ್ಲ್ಯು' ಎಂದು ಬಂದಿದೆ. ನಮ್ಮ ಕಡೆ ಹೆಚ್ಚಾಗಿ ಸಿಗುವುದು 'ಎಂ' ಎಂಬ ಇನ್ನೊಂದು ಗುಂಪಿನ ಕವಲುಗಳು. 'ಡಬ್ಲ್ಯು' ಯುರೋಪು, ಪಶ್ಚಿಮ ಏಷ್ಯಾ, ವಾಯವ್ಯ ಭಾರತ, ಪಾಕಿಸ್ತಾನಗಳಲ್ಲಿ ಚದುರಿಕೊಂಡಿದೆ, ಅಲ್ಲೂ ಹೆಚ್ಚಿನೆಡೆ ಕಡಿಮೆಯೇ. ಹಾಗಿರುವಾಗ ಶಿರಾ ಸೀಮೆ ಬಿಟ್ಟು ಕದಲದ ನಮ್ಮಜ್ಜಿಯ ತಾಯಿಗೆ ಇದು ಎಲ್ಲಿಂದ ಬಂತು?

ಈ ಡಿಎನ್‌ಎ ತಾಯಿಯಿಂದ ಮಕ್ಕಳಿಗೆಲ್ಲ ಬರುತ್ತದೆ, ಮುಂದಕ್ಕೆ ದಾಟಿಸುವುದು ಹೆಣ್ಣುಮಕ್ಕಳು ಮಾತ್ರ. ಅದಕ್ಕೇ ತೊಡಕು. ಮನೆಗೆ ಬಂದು ವಂಶಾವಳಿ ಹೇಳುವ ಹೆಳವರಿಂದ ನಮ್ಮ ವಂಶಾವಳಿ ಹೇಳಿಸಿದೆ, ಗಂಡಸರ ಹೆಸರು ತಲೆಮಾರುಗಟ್ಟಲೆ ಬಂತು, ಸೊಸೆಯರ ತವರು ಬರಲಿಲ್ಲ. ಅಜ್ಜಿಯ ಅಜ್ಜಿಯ ಹೆಸರೇ ಗೊತ್ತಿಲ್ಲದ್ದು ನನಗೆ ನಿಜವಾಗಿ ನೋವು.

ಪರೀಕ್ಷೆಯಲ್ಲಿ ಒಂದು ತುಣುಕನ್ನಷ್ಟೇ ಓದಿದ್ದಾರೆ. ಈ ಡಿಎನ್‌ಎಯ ಒಟ್ಟು 16,569 ಅಕ್ಷರಗಳನ್ನೂ (ಡಿಎನ್‌ಎ ಸರಪಳಿಯ ಕೊಂಡಿಗಳು) ಓದಿಸಿದರೆ ಒಳಕವಲು ತಿಳಿಯುತ್ತದೆ. ಬೆಂಗಳೂರಿನಲ್ಲಿ ಅದನ್ನು ಮಾಡಿಸಿದವರಿದ್ದೀರಾ? ಖರ್ಚೆಷ್ಟಾಯಿತು? ಹೆಣ್ಣುಮಕ್ಕಳ ತವರನ್ನೂ ಬರೆದಿಟ್ಟ ಹೆಳವರು ತುಮಕೂರು ಕಡೆ ಇದ್ದರೆ ದಯವಿಟ್ಟು ತಿಳಿಸಿ. ನಿಮ್ಮಲ್ಲಿ ಯಾರಿಗಾದರೂ 'ಡಬ್ಲ್ಯು' ಬಂದಿದ್ದರೆ, ಅಮ್ಮನ ಅಮ್ಮನ ಊರು ಯಾವುದೆಂದು ಹೇಳಿ. ಅಮ್ಮನಿಗೆ ಎಪ್ಪತ್ತೆಂಟು, ದಿನಾ ಕೇಳುತ್ತಾಳೆ.