ಸ್ಟೆಪ್ 3 ಯಾವಾಗ ಬರೆಯಲಿ ಅಂತ ಕೇಳಿದ ಪುಟ್ಟನಿಗೆ

ಪುಟ್ಟಾ, ನಿನ್ನೆ ರಾತ್ರಿ ಗ್ರೂಪಿನಲ್ಲಿ ನೀನು ಹಾಕಿದ್ದನ್ನು ಈಗಷ್ಟೇ ನೋಡಿದೆ. "ಅಕ್ಕಾ, ರೆಸಿಡೆನ್ಸಿ ಸೇರಿ ಮೂರು ತಿಂಗಳಾಯಿತು, ಒಂದು ಪುಟ ಓದಿಲ್ಲ, ಸ್ಟೆಪ್ 3 ಮುಂದಿನ ವರ್ಷಕ್ಕೆ ಹಾಕಲಾ" ಅಂತ. ಟೈಪ್ ಮಾಡುತ್ತಾ ಕೂತರೆ ಆಗಲ್ಲ, ಅದಕ್ಕೇ ಮಾತಾಡಿಬಿಡುತ್ತಿದ್ದೇನೆ. ಉದ್ದ ಆಗುತ್ತದೆ, ಬೇಡದವರು ಮುಂದೆ ಹೋಗಿ.

ಮೊದಲು ಚಿಕ್ಕಪ್ಪನಿಗೆ. "ಸೀಟು ಸಿಕ್ಕಾಯಿತಲ್ಲ, ಮತ್ತೆಂಥ ಪರೀಕ್ಷೆ" ಅಂತ ಕೇಳಿದ್ದೀರಿ. ಚಿಕ್ಕಪ್ಪಾ, ನಮ್ಮ ಕಡೆ ಎಂಬಿಬಿಎಸ್ ಮುಗಿಸಿ, ಇಂಟರ್ನ್‌ಶಿಪ್ ಮಾಡಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಿದರೆ ಕ್ಲಿನಿಕ್ ಬೋರ್ಡ್ ಹಾಕಬಹುದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇಗೆ ಮೂರು ಹಂತ, ಸ್ಟೆಪ್ 1, 2, 3 ಅಂತ. ಪುಟ್ಟ ಮೊದಲೆರಡು ಮುಗಿಸಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಾ ಕಲಿಯುವ ತರಬೇತಿ, ಸೇರಿದ್ದಾನೆ. ಪುಟ್ಟನಿಗೆ ಈಗ ಅನುಮತಿ ಇರುವುದು ತರಬೇತಿಯ ಮಟ್ಟಿಗೆ ಮಾತ್ರ. ರಾಜ್ಯದ ಪೂರ್ತಿ ಲೈಸೆನ್ಸ್ ಬೇಕಾದರೆ ಸ್ಟೆಪ್ 3 ಪಾಸಾಗಲೇಬೇಕು. ಇದಾದ ಮೇಲೆ ಬೋರ್ಡ್ ಪರೀಕ್ಷೆ ಅಂತ ಇನ್ನೊಂದಿದೆ. ಅದನ್ನು ಈಗಲೇ ವಿವರಿಸಿದರೆ ಚಿಕ್ಕಮ್ಮ ಗಾಬರಿಯಾಗುತ್ತಾರೆ, ಬಿಡಿ.

ಈಗ ನಿನ್ನ ವಿಷಯ. ಮುಂದಿನ ವರ್ಷಕ್ಕೆ ಹಾಕಬೇಡ. ನೀನಿರುವುದು ದೊಡ್ಡವರ ಖಾಯಿಲೆ ನೋಡುವ ಇಂಟರ್ನಲ್ ಮೆಡಿಸಿನ್‌ನಲ್ಲಿ. ಬಸುರಿಯರನ್ನು, ಮಕ್ಕಳನ್ನು ನೋಡುವುದು ದಿನೇ ದಿನೇ ಕಡಿಮೆಯಾಗುತ್ತದೆ, ಪರೀಕ್ಷೆಯಲ್ಲಿ ಮಾತ್ರ ಅವರ ಪ್ರಶ್ನೆಗಳೂ ಬರುತ್ತವೆ. ಸ್ಟೆಪ್ 2ಕ್ಕೆ ಓದಿದ್ದು ಇನ್ನೂ ತಲೆಯಲ್ಲಿ ಸ್ವಲ್ಪ ಉಳಿದಿದೆ. ಒಂದು ವರ್ಷ ಬಿಟ್ಟರೆ ಮಕ್ಕಳ ಲಸಿಕೆಯ ಪಟ್ಟಿಯನ್ನು ಅಆಇಈಯಿಂದ ಶುರುಮಾಡಬೇಕು. ಜೊತೆಗೆ ಎರಡನೇ ವರ್ಷ, ಮೊದಲ ವರ್ಷಕ್ಕೆ ಸೇರಿದ ಹೊಸ ಇಂಟರ್ನ್‌ಗಳ ತಪ್ಪೂ ನಿನ್ನ ತಲೆಗೇ ಬರುತ್ತದೆ. ನಿನ್ನ ಕಾಂಟ್ರಾಕ್ಟನ್ನೂ ತೆಗೆದು ನೋಡು, ಇಂಥ ವರ್ಷದೊಳಗೆ ಪಾಸಾಗಿರಬೇಕು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ನೀನು ತರಬೇತಿಗೆ ಕೊಡುವ ಜೆ-1 ವೀಸಾದಲ್ಲಿ ಹೋದವನು, ಅದಕ್ಕೇ ಇಷ್ಟು ಸಮಯ ಸಿಕ್ಕಿದೆ. ಕೆಲಸದ ವೀಸಾ ಎಚ್-1ಬಿ ಬೇಕು ಅನ್ನುವವರು ರೆಸಿಡೆನ್ಸಿ ಸೇರುವ ಮೊದಲೇ ಇದನ್ನು ಮುಗಿಸಿರಬೇಕು.

ಡಿಸೆಂಬರ್‌ನಲ್ಲಿ ಊರಿಗೆ ಬಂದು ಬೆಂಗಳೂರಿನಲ್ಲಿ ಬರೆಯುತ್ತೇನೆ ಅಂತ ಲೆಕ್ಕ ಹಾಕಿದ್ದರೆ ಅದನ್ನೂ ಬಿಡು. ಸ್ಟೆಪ್ 1, 2ರ ಥರ ಅಲ್ಲ ಇದು, ಅಮೆರಿಕದ ಸೆಂಟರ್‌ಗಳಲ್ಲೇ ಬರೆಯಬೇಕು. ಎರಡು ದಿನದ ಪರೀಕ್ಷೆ. ಎರಡೂ ದಿನ ಒಂದರ ಹಿಂದೆ ಒಂದು ಬರಬೇಕು ಅಂತೇನಿಲ್ಲ. ನಾನು ನಡುವೆ ಮೂರು ದಿನ ಬಿಟ್ಟಿದ್ದೆ. ಐಸಿಯು ತಿಂಗಳು ಬೇಡ, ನೈಟ್ ಫ್ಲೋಟ್, ಅಂದರೆ ಸಾಲಾಗಿ ರಾತ್ರಿ ಪಾಳಿ, ಮುಗಿದ ವಾರ ಬೇಡವೇ ಬೇಡ. ಕೆಲಸ ಹಗುರ ಇರುವ ಇಲೆಕ್ಟಿವ್ ಅಥವಾ ಕ್ಲಿನಿಕ್ ವಾರ ಹುಡುಕಿ, ಡ್ಯೂಟಿ ಹಾಕುವ ಚೀಫ್ ರೆಸಿಡೆಂಟ್ ಹತ್ತಿರ ಈಗಲೇ ಮಾತಾಡಿಕೊಂಡಿರು.

ಓದುವುದು ಹೇಗೆ ಅಂದೆಯಲ್ಲ. ನಾನು ಮಾಡಿದ ತಪ್ಪು ಹೇಳುತ್ತೇನೆ. ನಮಗೆ ಸಿಇಟಿ ಕಾಲದಿಂದ ರ‍್ಯಾಂಕಿನ ಚಟ. ವಾರಕ್ಕೆ 80 ಗಂಟೆ ದುಡಿಯುತ್ತಾ, ಮನೆಗೆ ಬಂದು ರಾತ್ರಿ ಹತ್ತರಿಂದ ಒಂದರವರೆಗೆ ಓದುತ್ತೇನೆ ಅಂತ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದೆ. ಮೂರನೇ ದಿನ ಬೆಳಿಗ್ಗೆ ಎದ್ದಾಗ ಕೆನ್ನೆ ಮೇಲೆ ಲ್ಯಾಪ್‌ಟಾಪ್ ಕೀಗಳ ಗುರುತು! ಆಮೇಲೆ ಬುದ್ಧಿ ಬಂತು. ಡ್ಯೂಟಿ ದಿನ ಊಟದ ಹೊತ್ತಿನಲ್ಲಿ ಫೋನಿನಲ್ಲೇ ಯೂವರ್ಲ್ಡ್ ಅನ್ನುವ ಅಭ್ಯಾಸದ ಪ್ರಶ್ನೆಕೋಶದ ಹತ್ತು ಪ್ರಶ್ನೆ, ರಜೆ ದಿನ ಗಡಿಯಾರ ಇಟ್ಟುಕೊಂಡು ನಲವತ್ತು. ಅಷ್ಟೇ. 2024ರ ಜನವರಿಯಿಂದ ಪಾಸ್ ಅಂಕ 198ರಿಂದ 200 ಆಗಿದೆ. ಅದನ್ನು ದಾಟಿದರೆ ನಿನ್ನ ಕೆಲಸ ಆಯಿತು, 250 ಬಂದರೆ ಸನ್ಮಾನ ಯಾರೂ ಮಾಡಲ್ಲ.

ಒಂದು ವಿಷಯಕ್ಕೆ ಮಾತ್ರ ಜಾಸ್ತಿ ಸಮಯ ಕೊಡು. ಎರಡನೇ ದಿನ ಪ್ರಶ್ನೆಗಳ ಜೊತೆಗೆ ಕಂಪ್ಯೂಟರ್ ರೋಗಿಗಳು ಬರುತ್ತಾರೆ, ಸಿಸಿಎಸ್ ಅನ್ನುತ್ತಾರೆ. ನನಗೆ 13 ಕೇಸ್ ಇದ್ದವು, ಕೆಲವು ಹತ್ತು ನಿಮಿಷದವು, ಕೆಲವು ಇಪ್ಪತ್ತು. ನಾನು ಮೊದಲ ಸಲ ಪ್ರಾಕ್ಟೀಸ್ ಮಾಡಿದ್ದು ಎದೆನೋವಿನ ಕೇಸ್. ಇಸಿಜಿ, ಹೃದಯದ ರಕ್ತಪರೀಕ್ಷೆ ಟ್ರೋಪೊನಿನ್, ಆಸ್ಪಿರಿನ್ ಎಲ್ಲ ಟಕಟಕ ಆರ್ಡರ್ ಹಾಕಿ, ರಿಪೋರ್ಟ್ ಬರಲಿ ಅಂತ ಕೈಕಟ್ಟಿ ಕೂತೆ. ಬರಲೇ ಇಲ್ಲ. ಏಳು ನಿಮಿಷ ಕಳೆಯಿತು. ನೆಟ್ ಹೋಗಿದೆಯಾ ಅಂತ ಎದ್ದು ರೌಟರ್ ಬೇರೆ ನೋಡಿದೆ. ಅಲ್ಲಿರುವುದು ಎರಡು ಗಡಿಯಾರ ಕಣೋ. ನಮ್ಮ ಗಡಿಯಾರ ತಾನಾಗೇ ಓಡುತ್ತದೆ. ರೋಗಿಯ ಗಡಿಯಾರವನ್ನು ನಾವೇ ಮುಂದೆ ತಳ್ಳಬೇಕು, ಹತ್ತು ನಿಮಿಷ, ಎರಡು ಗಂಟೆ, ಒಂದು ದಿನ ಅಂತ. ತಳ್ಳದಿದ್ದರೆ ರೋಗಿ ಹಾಗೇ ಎದೆ ಹಿಡಿದುಕೊಂಡು ಕೂತಿರುತ್ತಾನೆ. ಜಾಸ್ತಿ ತಳ್ಳಿದರೆ ಅಷ್ಟರಲ್ಲಿ ಅವನ ಕಥೆ ಮುಗಿದಿರುತ್ತದೆ.

ಇನ್ನೊಂದು, ವಾರ್ಡಿನಲ್ಲಿ ನರ್ಸ್ ತಾವಾಗೇ ಮಾಡಿಬಿಡುವ ಕೆಲಸಗಳೂ ಅಲ್ಲಿ ನಿನ್ನ ಆರ್ಡರ್ ಇಲ್ಲದೆ ಆಗಲ್ಲ. ಐವಿ ಲೈನ್, ಮಾನಿಟರ್, ಆಪರೇಷನ್‌ಗೆ ಮುಂಚೆ ಬಾಯಿಗೆ ಏನೂ ಕೊಡಬಾರದು ಅನ್ನುವುದು, ವಯಸ್ಸಿಗೆ ಬಂದ ಹೆಣ್ಣುಮಗಳಿಗೆ ಪ್ರೆಗ್ನೆನ್ಸಿ ಟೆಸ್ಟ್, ಎಲ್ಲ ನೀನೇ ಟೈಪ್ ಮಾಡಬೇಕು. ಎಮರ್ಜೆನ್ಸಿಯಿಂದ ಐಸಿಯುಗೆ ನೀನೇ ಕಳಿಸಬೇಕು. ಕೊನೆಗೆ ಸಿಗರೇಟು ಬಿಡಪ್ಪಾ ಅಂತ ಬುದ್ಧಿ ಹೇಳುವುದೂ ಒಂದು ಆರ್ಡರ್! ಒಳ್ಳೆ ಡಾಕ್ಟರುಗಳೇ ಇಲ್ಲಿ ಎಡವುತ್ತಾರೆ. ಖಾಯಿಲೆ ಗೊತ್ತಿಲ್ಲದೆ ಅಲ್ಲ, ಆ ಸಾಫ್ಟ್‌ವೇರ್ ಕೈಗೆ ಹತ್ತದೆ. ಮೂವತ್ತು ಕೇಸ್ ಆದರೂ ಮಾಡು.

ಮೊದಲ ದಿನ ಅಂಕಿಸಂಖ್ಯೆ ಜಾಸ್ತಿ ಬರುತ್ತದೆ, ಹೆದರಬೇಡ. ಸುಮ್ನೆ ಎಸ್ಸೆಸ್ಸೆಲ್ಸಿ ಲೆಕ್ಕ. ಔಷಧಿ ಇಲ್ಲದೆ ನೂರರಲ್ಲಿ ಹತ್ತು ಜನಕ್ಕೆ ಹಾರ್ಟ್ ಅಟ್ಯಾಕ್, ಕೊಟ್ಟರೆ ಆರು ಜನಕ್ಕೆ. ಉಳಿದವರು ನಾಲ್ಕು. ನೂರನ್ನು ನಾಲ್ಕರಿಂದ ಭಾಗಿಸು, 25. ಅಂದರೆ ಒಬ್ಬನನ್ನು ಉಳಿಸಲು 25 ಜನಕ್ಕೆ ಔಷಧಿ ಕೊಡಬೇಕು. ಇಂಥವು ಐದಾರು ಸೂತ್ರ ಕೈಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸು, ನೀರು ಕುಡಿಯಲು ಹೋದಾಗಲೆಲ್ಲ ಕಣ್ಣಿಗೆ ಬೀಳಲಿ.

ಎರಡನೇ ದಿನ ಒಂಬತ್ತು ಗಂಟೆ ಕೂರಬೇಕು, ಬಿಡುವು ಸಿಗುವುದು ಮುಕ್ಕಾಲು ಗಂಟೆ. ಡಬ್ಬಿ ತೆಗೆದುಕೊಂಡು ಹೋಗು. ಮೊಸರನ್ನ ಬೇಡ, ನಿದ್ದೆ ಬರುತ್ತದೆ. ಚಪಾತಿಗೆ ಪಲ್ಯ ಸುತ್ತಿಕೊಂಡು ಹೋಗು.

ಮುಂದಿನ ಆರು ತಿಂಗಳ ನಿನ್ನ ಶೆಡ್ಯೂಲ್ ಫೋಟೋ ತೆಗೆದು ಕಳಿಸು. ಭಾನುವಾರ ಇಬ್ಬರೂ ಕೂತು ವಾರ ಆರಿಸೋಣ. ಇಲ್ಲಿ ಹಾಕಬೇಡ, ನನಗೆ ಮಾತ್ರ ಕಳಿಸು. ತಾರೀಕು ಗೊತ್ತಾದರೆ ಅತ್ತೆ ಅವತ್ತು ಬೆಳಿಗ್ಗೆ ಆರು ಸಲ ಫೋನ್ ಮಾಡುತ್ತಾರೆ. ಅತ್ತೇ, ಕೇಳಿಸಿಕೊಳ್ಳುತ್ತಿದ್ದೀರಿ ಅಂತ ಗೊತ್ತು, ಅದಕ್ಕೇ ಹೇಳಿದೆ.