ಹಳೇ ಮುಂಬಾಗಿಲು, ಸಂದಿಯಲ್ಲಿ ಗಾಳಿ: ಆಚಾರ್ರನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ ನಮ್ಮ ಬಡಗಿ ಆಚಾರ್ರು ಉತ್ತರ ಕೊಡುತ್ತಾರೆ. ಬಾಗಿಲಿನ ವಿಷಯ ಮಾತ್ರ. ಮೇಲಿನ ಉತ್ತರ ಓದಿ ಆಮೇಲೆ ಕೇಳಿ.

ಕಾಫಿತೋಟ: ನಮಸ್ಕಾರ ಆಚಾರ್ರೇ. ಮಡಿಕೇರಿ ಹತ್ತಿರ ಅಜ್ಜನ ಕಾಲದ ಮನೆ. ಬೀಟೆ ಮರದ ಜೋಡಿ ಬಾಗಿಲು. ರಾತ್ರಿ ಹಾಲ್‌ನಲ್ಲಿ ಕೂರೋಕೆ ಆಗಲ್ಲ, ಅಷ್ಟು ಥಂಡಿ ಗಾಳಿ. ಹೊಸ ಬಾಗಿಲಿಗೆ ದುಡ್ಡಿಲ್ಲ.

ಆಚಾರಿ: ಬೀಟೆ ಬಾಗಿಲು ಇರುವಾಗ ಹೊಸದು ಯಾಕೆ ಬೇಕು ಸರ್? ಮೊದಲು ಗಾಳಿ ಎಲ್ಲಿಂದ ಬರುತ್ತೆ ಅಂತ ನೋಡಿ. ಊದುಬತ್ತಿ ಹಚ್ಚಿ ಸಂದಿ ಉದ್ದಕ್ಕೂ ನಿಧಾನವಾಗಿ ಹಿಡಿಯಿರಿ. ಹೊಗೆ ಒಳಕ್ಕೆ ಬಾಗಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡು ಹಲಗೆ ಸೇರುವ ಕಡೆ ಆದರೆ, ಕೊನೆಗೆ ಮುಚ್ಚುವ ಹಲಗೆಗೆ ಒಂದು ಮರದ ಪಟ್ಟಿ ಹೊಡೆಸಿ, ಸಂದಿ ಮುಚ್ಚುತ್ತೆ. ದಾರಂದಕ್ಕೂ ಗೋಡೆಗೂ ನಡುವೆ ಆದರೆ ಸಿಮೆಂಟ್ ಮೆತ್ತಬೇಡಿ. ಮರ ಹಿಗ್ಗಿ ಕುಗ್ಗುತ್ತೆ, ಬೇಸಿಗೆಗೆ ಮತ್ತೆ ಬಿರುಕು. ತೆಂಗಿನ ನಾರಿನ ಹಗ್ಗ ತುರುಕಿ, ಮೇಲೆ ಅಕ್ರಿಲಿಕ್ ಸೀಲಂಟ್ ಎಳೆಯಿರಿ. ಸಿಲಿಕಾನ್ ಮೇಲೆ ಪೇಂಟ್ ನಿಲ್ಲಲ್ಲ.

ಮಲ್ನಾಡ್ ಮಳೆ: ಫೋಮ್ ಟೇಪ್ ಅಂಟಿಸಿದೆ, ವಾರಕ್ಕೇ ಬಿಟ್ಟು ಬಂತು. ಯಾಕೆ?

ಆಚಾರಿ: ಒದ್ದೆ ಮರ, ಇಲ್ಲಾ ಧೂಳು. ಒಣಗಿದ ದಿನ ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ ಅಂಟಿಸಿ. ಫೋಮ್ ಬೇಗ ಚಪ್ಪಟೆ ಆಗುತ್ತೆ. ಸ್ವಲ್ಪ ಜಾಸ್ತಿ ಕೊಟ್ಟು ರಬ್ಬರ್ ಪಟ್ಟಿ ತಗೊಳ್ಳಿ.

ಹಾಲ್ನೊರೆ: ವಾಟ್ಸಾಪ್‌ನಲ್ಲಿ ಬಂದಿದೆ: ಮೈದಾ ಗೋಂದಿನಲ್ಲಿ ಪೇಪರ್ ನೆನೆಸಿ ಸಂದಿಗೆ ತುಂಬಿದರೆ ಹತ್ತು ವರ್ಷ ಗಾಳಿ ಬರಲ್ವಂತೆ. ನಿಜಾನಾ?

ಆಚಾರಿ: ಗೆದ್ದಲಿಗೆ ಊಟ ಬಡಿಸಿದ ಹಾಗೆ. ಬೇಡ.

ಹಾಲ್ನೊರೆ: ಮತ್ತೆ ಸ್ಪ್ರೇ ಫೋಮ್? ಆ ವಿಡಿಯೋದಲ್ಲಿ ಬಾಗಿಲ ಸುತ್ತಲೂ ಹೊಡೀತಾರೆ.

ಆಚಾರಿ: ತೆರೆದು ಮುಚ್ಚುವ ಸಂದಿಗೆ ಹೊಡೆದರೆ ಬಾಗಿಲು ಅಂಟಿ ಕೂರುತ್ತೆ. ಗೋಡೆ-ದಾರಂದದ ನಡುವೆ ಮಾತ್ರ, ಅದೂ ಸ್ವಲ್ಪ. ಜಾಸ್ತಿ ಆದರೆ ಉಬ್ಬಿ ದಾರಂದವನ್ನೇ ಒಳಗೆ ತಳ್ಳುತ್ತೆ. ಫಾರ್ವರ್ಡ್ ಮಾಡಿದವರು ಬಂದು ಬಾಗಿಲು ಬಿಡಿಸಿ ಕೊಡ್ತಾರಾ?

ಕಡಲತೀರ: ಕೆಳಗಿನ ಸಂದಿಗೆ ಏನು ಮಾಡಲಿ? ಹೊಸಿಲು ಸವೆದು ಒಂದು ಬೆರಳು ತೂರುತ್ತೆ.

ಆಚಾರಿ: ಬಾಗಿಲ ಒಳಬದಿಗೆ ಬ್ರಷ್ ಪಟ್ಟಿ ಸ್ಕ್ರೂ ಮಾಡಿ. ಅಲ್ಲಿಯವರೆಗೆ ಹಳೇ ಪ್ಯಾಂಟಿನ ಕಾಲಿಗೆ ಮರಳು ತುಂಬಿ ಹೊಲಿದು ರಾತ್ರಿ ಅಡ್ಡ ಇಡಿ. ಖರ್ಚಿಲ್ಲ.

ವಾಸ್ತುಮಿತ್ರ: ಕ್ಷಮಿಸಿ, ಹೊಸಿಲಿಗೆ ಮೊಳೆ ಹೊಡೆಯಬಾರದು. ಲಕ್ಷ್ಮಿ ಇರುವ ಜಾಗ.

ಕಾಫಿತೋಟ: ಲಕ್ಷ್ಮಿ ಚಳಿಗೆ ಒಳಗೆ ಬರಲಿ ಅಂತಾನೇ ಅಲ್ವಾ ಸಂದಿ ಮುಚ್ಚೋದು?

ವಾಸ್ತುಮಿತ್ರ: ತಮಾಷೆ ಬೇಡ. ನಮ್ಮ ಅಜ್ಜಿ ದಿನಾ ಹೊಸಿಲಿಗೆ ಅರಿಶಿನ ಕುಂಕುಮ ಇಡುತ್ತಿದ್ದರು.

ಕಾಫಿತೋಟ: ನಮ್ಮ ಅಜ್ಜಿಯೂ ಇಡುತ್ತಿದ್ದರು. ಥಂಡಿಗೆ ಕೆಮ್ಮುತ್ತಲೇ ಇಡುತ್ತಿದ್ದರು.

ಆಚಾರಿ: ನಾನು ಬಾಗಿಲಿಗೆ ಸ್ಕ್ರೂ ಅಂದೆ. ಹೊಸಿಲು ಅಂದೆನಾ?

ಹೊಸಮನೆ: ಆಚಾರ್ರೇ, ಅಮ್ಮನಿಗೆ ಚಳಿ ತಡೆಯಲ್ಲ. ಹೋದ ವಾರ ಬಾಗಿಲ ಸುತ್ತ ಟೇಪ್ ಅಂಟಿಸಿದೆ, ಕಿಟಕಿಗೂ ಪ್ಲಾಸ್ಟಿಕ್. ರಾತ್ರಿ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಕೆಂಡ ಇಡ್ತೀವಿ, ಹೊಗೆ ಹೋದ ಮೇಲೆ. ಎರಡು ದಿನದಿಂದ ಬೆಳಿಗ್ಗೆ ಅಮ್ಮನಿಗೂ ನನಗೂ ತಲೆನೋವು. ಟೇಪಿನ ಗೋಂದಿನ ವಾಸನೆಗೆ ಇರಬಹುದಾ? ಯಾವ ಕಂಪನಿ ಟೇಪ್ ಒಳ್ಳೇದು?

ಆಚಾರಿ: ಟೇಪ್ ವಿಷಯ ಬಿಡಿ. ಈಗಲೇ ಬಾಗಿಲು ಕಿಟಕಿ ತೆಗೆದು ಅಮ್ಮನನ್ನು ಹೊರಗೆ ಕರಕೊಂಡು ಬನ್ನಿ, ಕೆಂಡ ಹೊರಗೆ ಹಾಕಿ. ಆಮೇಲೆ ಇದನ್ನು ಓದಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಹೋಯ್ತು ಅಂದರೆ ವಿಷ ಹೋಯ್ತು ಅಂತಲ್ಲ. ಇಷ್ಟು ದಿನ ನಿಮ್ಮ ಹಳೇ ಬಾಗಿಲಿನ ಸಂದಿಯೇ ನಿಮ್ಮನ್ನು ಕಾದಿದ್ದು. ಒಂದೇ ಮನೆಯಲ್ಲಿ ಇಬ್ಬರಿಗೂ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆ ಆಗುತ್ತೆ ಅಂದರೆ ಇದೇ ಅನುಮಾನ. ಬೆರಳಿಗೆ ಹಾಕುವ ಆಕ್ಸಿಮೀಟರ್ ಎಲ್ಲಾ ಸರಿ ಇದೆ ಅಂತಲೇ ತೋರಿಸಬಹುದು. ಇದರಲ್ಲಿ ಅದನ್ನು ನಂಬಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ, ಕೆಂಡ ಇಟ್ಟಿದ್ದನ್ನು ಮುಚ್ಚಿಡದೆ ಹೇಳಿ. ನಾನು ಬಡಗಿ, ಡಾಕ್ಟರ್ ಅಲ್ಲ, ಆದರೆ ಬಾಗಿಲು ಮುಚ್ಚುವ ಕೆಲಸ ಮಾಡುವವನಿಗೆ ಇಷ್ಟು ಗೊತ್ತಿರಲೇಬೇಕು. ಸಂದಿ ಮುಚ್ಚಿ, ಆದರೆ ಒಳಗೆ ಬೆಂಕಿ ಇಡಬೇಡಿ. ಹಾಸಿಗೆಗೆ ಬಿಸಿನೀರಿನ ಚೀಲ, ದಪ್ಪ ಕಂಬಳಿ ಸಾಕು. ಗ್ಯಾಸ್ ಗೀಸರ್ ಇದ್ದರೆ ಆ ಬಚ್ಚಲ ಕಿಂಡಿಯನ್ನೂ ಮುಚ್ಚಬೇಡಿ.

ಹೊಸಮನೆ: ತೆಗೆದೆ. ಅಮ್ಮ ಚಳಿ ಅಂತ ಬೈತಿದ್ದಾರೆ.

ಆಚಾರಿ: ಬೈಯಲಿ. ಗಾಡಿ ಹತ್ತಿಸಿ.

ವಾಸ್ತುಮಿತ್ರ: ಹಿಂದಿನವರು ಕೆಂಡ ಇಟ್ಟೇ ಮಲಗುತ್ತಿದ್ದರು, ಏನೂ ಆಗ್ತಿರಲಿಲ್ಲ.

ಕಾಫಿತೋಟ: ಹಿಂದಿನವರ ಮನೆ ಹಂಚಿನ ಮಾಡು, ನೂರು ಕಡೆ ಗಾಳಿ. ಇವರು ಪ್ಲಾಸ್ಟಿಕ್ ಸುತ್ತಿದ್ದಾರೆ. ಸುಮ್ನೆ ಇರಿ ಸ್ವಲ್ಪ.

ವಾಸ್ತುಮಿತ್ರ: ಸುಮ್ನಿರಿ ಅನ್ನೋಕೆ ನೀವ್ಯಾರು?

ಗಡಿನಾಡು: ಬಾಗಿಲು ಮಳೆಗಾಲದಲ್ಲಿ ಹಿಡಿಯುತ್ತೆ, ಬೇಸಿಗೆಯಲ್ಲಿ ಸಂದಿ ಬೀಳುತ್ತೆ. ಹತ್ತರಿ ಹೊಡೆಸಲಾ?

ಆಚಾರಿ: ಮಳೆಯಲ್ಲಿ ಹೊಡೆಸಬೇಡಿ. ಒಣಗಿದ ಮೇಲೆ ಅದೇ ಕೆತ್ತಿದ ಜಾಗದಲ್ಲಿ ಗಾಳಿ ಬರುತ್ತೆ. ಮೊದಲು ಹಿಂಜಸ್ ನೋಡಿ, ಸ್ಕ್ರೂ ಸಡಿಲ ಇದ್ದರೆ ಬಾಗಿಲು ಇಳಿದಿರುತ್ತೆ. ಸ್ಕ್ರೂ ಬಿಚ್ಚಿ, ತೂತಿಗೆ ಬಿದಿರಿನ ಕಡ್ಡಿಗೆ ಫೆವಿಕಾಲ್ ಹಚ್ಚಿ ತುರುಕಿ, ಒಣಗಿದ ಮೇಲೆ ಉದ್ದ ಸ್ಕ್ರೂ ಹಾಕಿ. ಎಷ್ಟೋ ಸಂದಿ ಅಲ್ಲೇ ಮುಚ್ಚುತ್ತೆ.

ಹಾಲ್ನೊರೆ: ಇನ್ನೊಂದು ಬಂದಿದೆ: ಗೆದ್ದಲಿಗೆ ಸುಟ್ಟ ಇಂಜಿನ್ ಆಯಿಲ್...

ಮಲ್ನಾಡ್ ಮಳೆ: ಕಬ್ಬಿಣದ ದಾರಂದಕ್ಕೂ ರಬ್ಬರ್ ಪಟ್ಟಿ ನಡೆಯುತ್ತಾ?

ಅಡ್ಮಿನ್: ವಾಸ್ತು ಜಗಳ ಬೇರೆ ಕಡೆ ಮುಂದುವರಿಸಿ. ಕಾಮೆಂಟ್ ಬಂದ್ ಮಾಡ್ತಿದ್ದೇನೆ.

ಕಡಲತೀರ: ಒಂದ್ನಿಮಿಷ, ಬ್ರಷ್ ಪಟ್ಟಿ ಎಲ್ಲಿ ಸಿಗುತ್ತೆ?

ಆಚಾರಿ: ಹಾರ್ಡ್‌ವೇರ್ ಅಂಗಡಿ. ಹೊಸಮನೆ ಅವರೇ, ಹೊರಟ್ರಾ?