ಪದ ಬೇಕಿತ್ತು: ಪ್ರತಿಭಟನೆಯ ಪೋಸ್ಟಿನ 'ಟೋನ್' (ತುರ್ತು)

ಎಲ್ಲರಿಗೂ ನಮಸ್ಕಾರ.

ಜಾಲತಾಣಗಳಲ್ಲಿ ಪ್ರತಿಭಟನೆಯ ಪೋಸ್ಟ್ ಹೇಗೆ ಬರೆಯಬೇಕು ಅನ್ನುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಎರಡನೇ ಅಧ್ಯಾಯದ ಹೆಸರಲ್ಲೇ ಸಿಕ್ಕಿಕೊಂಡಿದ್ದೇನೆ: 'ಟೋನ್'. ಬೇಡಿಕೆ ಒಂದೇ ಇರುತ್ತೆ. ಒಬ್ಬರು ಬರೆದರೆ ಮನವಿ, ಇನ್ನೊಬ್ಬರು ಬರೆದರೆ ಜಗಳ. ಆ ವ್ಯತ್ಯಾಸಕ್ಕೆ ಪದ ಬೇಕು. 'ಶೈಲಿ' ಪುಸ್ತಕದ ಹೆಸರಲ್ಲೇ ಬಂದುಬಿಟ್ಟಿದೆ, ಮತ್ತೆ ಬಳಸಲಾರೆ. ಈ ಮೂರು ವಾಕ್ಯಗಳಿಗೆ ಹೊಂದಬೇಕು:

ಈ ಪೋಸ್ಟಿನ ___ ಸ್ವಲ್ಪ ಖಾರವಾಯಿತು.
ಬೇಡಿಕೆ ಬದಲಿಸಬೇಡಿ, ___ ಬದಲಿಸಿ.
ಸರ್ಕಾರಿ ಪ್ರಕಟಣೆಯ ___ ಹಿಡಿದು ಬರೆದರೆ ಯಾರೂ ಓದುವುದಿಲ್ಲ.

ಇವತ್ತು ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಮೈಸೂರಿನಿಂದ:

'ದನಿ'. ಇಷ್ಟಕ್ಕೆ ಚರ್ಚೆ ಯಾಕೆ ಬೇಕು? 'ಧ್ವನಿ' ಅಂತ ಮಾತ್ರ ಹಾಕಬೇಡಿ. ಕಾವ್ಯಮೀಮಾಂಸಕ ಆನಂದವರ್ಧನನಿಂದ ಈಚೆಗೆ ಅದಕ್ಕೆ ಬೇರೆಯೇ ಕೆಲಸ ಇದೆ. ಬಾಯಿಬಿಟ್ಟು ಹೇಳದೆ ಹೊಳೆಯಿಸುವುದು ಧ್ವನಿ. ಪ್ರತಿಭಟನೆ ಮಾಡುವವರು ಬಾಯಿಬಿಟ್ಟೇ ಹೇಳಬೇಕು. ತದ್ಭವ ಸಾಕು.

ಬೆಂಗಳೂರಿನಿಂದ:

ಸಾರ್, 'ದನಿ' ಇಲ್ಲಿ ಕೂರುವುದಿಲ್ಲ. 'ದನಿ ಎತ್ತಿ', 'ದನಿಯಿಲ್ಲದವರು' ಅಂತೆಲ್ಲ ಬಳಸಿ ಬಳಸಿ, ಹೋರಾಟದ ಮಾತಿನಲ್ಲಿ ದನಿ ಅಂದರೆ ಪ್ರತಿಭಟನೆಯೇ ಆಗಿದೆ. 'ಬೇಡಿಕೆ ಬದಲಿಸಬೇಡಿ, ದನಿ ಬದಲಿಸಿ' ಅಂದರೆ ಪಕ್ಷ ಬದಲಿಸಿ ಅಂತ ಓದಿಕೊಳ್ಳುತ್ತಾರೆ.

ಮೇಡಂ, ಹೊರಗಿನ ಉದಾಹರಣೆ ಯಾಕೆ, ಈ ಅಧ್ಯಾಯಕ್ಕೆ ನಮ್ಮದೇ ಇದೆ. 2017ರ ಜೂನ್. ಮೆಟ್ರೋ ಫಲಕಗಳಲ್ಲಿ ಹಿಂದಿ ಯಾಕೆ ಅಂತ ಟ್ವಿಟರ್‌ನಲ್ಲಿ ಶುರುವಾಯಿತು. ಓಡಿದ ಹ್ಯಾಷ್‌ಟ್ಯಾಗ್ 'ನಮ್ಮ ಮೆಟ್ರೋ ಹಿಂದಿ ಬೇಡ'. 'ನಮ್ಮ ಮೆಟ್ರೋ' ಅನ್ನುವುದು ನಿಗಮವೇ ಬಳಸುತ್ತಿದ್ದ ಹೆಸರು. ಆ 'ನಮ್ಮ'ವನ್ನೇ ಹಿಡಿದು, ಹಾಗಾದರೆ ನಮಗೆ ಇದು ಬೇಡ ಅಂದರು. ಹೊಸದಾಗಿ ಹಕ್ಕು ಸಾಧಿಸುವ ಕೆಲಸವೇ ಇರಲಿಲ್ಲ, ಹೆಸರಲ್ಲೇ ಇತ್ತು.

ಇನ್ನು 'ಬೇಡ' ನೋಡಿ. 'ವಿರೋಧಿಸುತ್ತೇವೆ' ಅಂದಿದ್ದರೆ 'ನೀವು ಯಾರು' ಅನ್ನುವ ಪ್ರಶ್ನೆ ಬರುತ್ತಿತ್ತು. 'ತೆಗೀರಿ' ಅಂದರೆ ಅಪ್ಪಣೆ. 'ಧಿಕ್ಕಾರ' ಅಂದರೆ ಮೆರವಣಿಗೆಯ ಕೂಗು. 'ಬೇಡ'ಕ್ಕೆ ಕರ್ತೃ ಬೇಕಿಲ್ಲ. ಯಾರಿಗೆ ಬೇಡ ಅಂತ ಹೇಳದೆಯೂ ವಾಕ್ಯ ನಿಲ್ಲುತ್ತೆ. ಬಡಿಸಲು ಬಂದವರ ಮುಂದೆ ಎಲೆಗೆ ಕೈ ಅಡ್ಡ ಹಿಡಿದಂತೆ ಅದು. ಬೈಗುಳವೂ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಜುಲೈ ಶುರುವಿನಲ್ಲಿ ಮೆಜೆಸ್ಟಿಕ್, ಚಿಕ್ಕಪೇಟೆ ನಿಲ್ದಾಣಗಳಲ್ಲಿ ಹಿಂದಿ ಹೆಸರುಗಳನ್ನು ಮುಚ್ಚಿದರು. ತಿಂಗಳ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು. ಒಂದು ಪದದಿಂದಲೇ ಇದೆಲ್ಲ ಆಯಿತು ಅನ್ನುತ್ತಿಲ್ಲ, ಬೀದಿಗಿಳಿದವರೂ ಇದ್ದರು. ಆದರೆ ಆ ಹ್ಯಾಷ್‌ಟ್ಯಾಗ್ ಹಂಚಿಕೊಳ್ಳಲು ಯಾರಿಗೂ ಮುಜುಗರ ಆಗುವಂತಿರಲಿಲ್ಲ.

ಬೀದಿಯಲ್ಲಿ 'ಬೇಕೇ ಬೇಕು, ನ್ಯಾಯ ಬೇಕು' ಅನ್ನುವಾಗ ಗಂಟಲು ಇರುತ್ತೆ, ಎತ್ತಿದ ಕೈ ಇರುತ್ತೆ. ಪರದೆಯ ಮೇಲೆ ಅವೆರಡೂ ಇಲ್ಲ. ಉಳಿಯುವುದು ಕ್ರಿಯಾಪದದ ತುದಿ ಮಾತ್ರ. ತೆಗಿ, ತೆಗೀರಿ, ತೆಗೆಯಲಿ, ತೆಗೆಯಬೇಕು, 'ತೆಗೆಯಬೇಕೆಂದು ಆಗ್ರಹಿಸುತ್ತೇವೆ'. ಕೇಳುತ್ತಿರುವುದು ಒಂದೇ, ಕೇಳುವವರು ಐದು ಬೇರೆ ಬೇರೆ ಜನ. ನೀವು ಹುಡುಕುತ್ತಿರುವುದು ಆ ತುದಿ ಮಾಡುವ ಕೆಲಸಕ್ಕೆ ಹೆಸರು. 'ವರಸೆ' ಆಗಬಹುದಾ? ಸಂಗೀತದಲ್ಲಿ ಸರಳೆ ವರಸೆ ಇದೆ, ಕುಸ್ತಿಯಲ್ಲೂ ವರಸೆ ಇದೆ.

ಸಿಂಗಪುರದಿಂದ:

ಬೆಂಗಳೂರಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಒಂದು ಟ್ವೀಟಿನ ಅಕ್ಷರಮಿತಿ 140ರಿಂದ 280ಕ್ಕೆ ಏರಿದ್ದು 2017ರ ನವೆಂಬರ್‌ನಲ್ಲಿ. ಮೆಟ್ರೋ ಗಲಾಟೆ 140ರ ಕಾಲದ್ದು. ಯೂನಿಕೋಡ್‌ನಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 'ಆಗ್ರಹಿಸುತ್ತೇವೆ' 14 ತಿನ್ನುತ್ತೆ, 'ಬೇಡ'ಕ್ಕೆ 3 ಸಾಕು. ಇನ್ನೊಂದು: ರೋಮನ್ ಅಕ್ಷರದಲ್ಲಿ ಪ್ರತಿ ಪದದ ಮೊದಲಿಗೆ ದೊಡ್ಡಕ್ಷರ ಹಾಕಿ ಪದ ಬಿಡಿಸಬಹುದು. ನಮ್ಮ ಲಿಪಿಯಲ್ಲಿ ಆ ಅನುಕೂಲ ಇಲ್ಲ, ಎಲ್ಲ ಅಂಟಿಕೊಂಡು ಓದಲು ಕಷ್ಟ. ಪದಗಳ ನಡುವೆ ಅಡಿಗೆರೆ (_) ಹಾಕಲು ಹೇಳಿ. ಜೊತೆಗೆ ಕಾಗುಣಿತ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅರ್ಧ ಜನ 'ಮೆಟ್ರೊ', ಅರ್ಧ ಜನ 'ಮೆಟ್ರೋ' ಬರೆದರೆ ಎರಡು ಹ್ಯಾಷ್‌ಟ್ಯಾಗ್ ಆಗಿ ಲೆಕ್ಕ ಒಡೆಯುತ್ತೆ. ಇದನ್ನು ಕೈಪಿಡಿಯಲ್ಲಿ ಖಂಡಿತ ಹಾಕಿ ಮೇಡಂ.

ಧಾರವಾಡದಿಂದ:

'ವರಸೆ' ಆಗುವುದಿಲ್ಲ. 'ಏನವನ ವರಸೆ!' ಅಂದರೆ ಹೊಗಳಿಕೆ ಏನ್ರೀ?

'ಧಾಟಿ' ಹಾಕಿರಿ. ಮಾತಿನ ಧಾಟಿ ಅಂತ ಎಲ್ಲರೂ ಅನ್ನುತ್ತಾರೆ. ಲಾವಣಿ, ಭಜನೆ, ಹೋರಾಟದ ಹಾಡಿನ ಪುಸ್ತಕ ತೆಗೆದು ನೋಡಿರಿ. ಹಾಡಿನ ತಲೆಯ ಮೇಲೆ 'ಧಾಟಿ' ಅಂತ ಅಚ್ಚಾಗಿರುತ್ತದೆ, ಮುಂದೆ ಎಲ್ಲರಿಗೂ ಗೊತ್ತಿರುವ ಒಂದು ಹಾಡಿನ ಮೊದಲ ಸಾಲು. ಮಾತು ಹೊಸದು, ಹಿಡಿದ ಧಾಟಿ ಹಳೆಯದು. ಅದಕ್ಕೇ ಜನ ಒಮ್ಮೆ ಕೇಳಿ ಹಾಡುತ್ತಾರೆ. ಹ್ಯಾಷ್‌ಟ್ಯಾಗ್ ಮಾಡುವುದೂ ಇದನ್ನೇ. ಮೂಲ ನೋಡಿದರೆ ಇನ್ನೂ ಚೆಂದ. ಸಂಸ್ಕೃತದ ಧಾಟೀ ಅಂದರೆ ಮೇಲೆ ಬೀಳುವುದು, ಆಕ್ರಮಣ. ನಮ್ಮ 'ದಾಳಿ' ಅದರ ತದ್ಭವ ಅನ್ನುತ್ತಾರೆ. ಪ್ರತಿಭಟನೆಗೆ ಇದಕ್ಕಿಂತ ಒಪ್ಪುವ ಪದ ಯಾವುದಿದೆ?

ಉಡುಪಿಯಿಂದ:

'ಧಾಟಿ' ಕನ್ನಡದ ಪದವಲ್ಲ. ಆ ಮಹಾಪ್ರಾಣವನ್ನು ನಮ್ಮ ಜನ ಉಲಿಯುವುದೂ ಇಲ್ಲ. 'ಮಟ್ಟು' ಇದೆ. ಯಕ್ಷಗಾನದಲ್ಲಿ ಹಾಡಿನ ನಡೆಗೆ ಮಟ್ಟು ಅಂತಲೇ ಹೇಳುವುದು, ಭಾಗವತರನ್ನು ಕೇಳಿ. 'ಮಾತಿನ ಮಟ್ಟು' ಅಚ್ಚಗನ್ನಡ. ಹಿಂದಿ ಬೇಡ ಅಂದವರ ಬಗ್ಗೆ ಬರೆಯುವಾಗ ಸಂಸ್ಕೃತದ ಪದ ಹುಡುಕುವುದು ಯಾವ ನ್ಯಾಯ? ಹ್ಯಾಷ್‌ಟ್ಯಾಗ್, ಪೋಸ್ಟ್, ಟ್ರೆಂಡ್ ಎಲ್ಲವನ್ನೂ ಹಾಗೇ ಇಳಿಸಿಕೊಂಡರೆ ಆ ಕೈಪಿಡಿಯಲ್ಲಿ ಕನ್ನಡ ಎಷ್ಟು ಉಳಿಯುತ್ತದೆ?

ಧಾರವಾಡದಿಂದ:

ಮಹಾಪ್ರಾಣ ತೆಗೆದು 'ದಾಟಿ' ಬರೆದರೆ ಹೊಳೆ ದಾಟಿದ ಹಾಗೆ ಆಗುತ್ತದೆ. ಘಟ್ಟದ ಮೇಲೆ 'ಮಟ್ಟು' ಅಂದರೆ 'ಮಟ್ಟ'ದ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಪದ ಬೇಕಾಗಿರುವುದು ಓದುವವರಿಗೆ, ನಿಘಂಟಿಗಲ್ಲ.

ಬೆಂಗಳೂರಿನಿಂದ:

'ವರಸೆ' ಬಿಟ್ಟೆ, 'ಧಾಟಿ'ಗೇ ನನ್ನ ಮತ. ಆದರೆ ಉಡುಪಿಯವರ ಪ್ರಶ್ನೆಯನ್ನು ಸುಮ್ನೆ ದಾಟಿ ಹೋಗಲು ಆಗುವುದಿಲ್ಲ. ಆ ಘೋಷಣೆಯನ್ನೇ ಬಿಡಿಸಿ ನೋಡಿ ಸಾರ್. 'ಮೆಟ್ರೋ' ಹೊರಗಿನದು. 'ಹಿಂದಿ' ಅನ್ನುವ ಹೆಸರೇ ಪಾರ್ಸಿಯಿಂದ ಬಂದದ್ದು. ಕನ್ನಡದ್ದು ಅಂದರೆ ಮುಂದಿನ 'ನಮ್ಮ', ಹಿಂದಿನ 'ಬೇಡ'. ಆ ಎರಡು ಸಾಕಾಯಿತು ಅಲ್ವಾ? ನಾಮಪದ ಎಷ್ಟೇ ಎರವಲು ಬರಲಿ, ಕ್ರಿಯಾಪದ ನಮ್ಮದಿದ್ದರೆ ವಾಕ್ಯ ನಮ್ಮದೇ. ಕೈಪಿಡಿಗೂ ಇದೇ ಸೂತ್ರ ಇಟ್ಟುಕೊಳ್ಳಿ ಮೇಡಂ. 'ಪೋಸ್ಟ್' ಇರಲಿ. 'ಪೋಸ್ಟ್ ಮಾಡಲಾಗುವುದು' ಬೇಡ, 'ಪೋಸ್ಟ್ ಹಾಕಿ' ಅನ್ನಿ.

ಎರವಲು ತರುವುದು ಬೇರೆ, ಹೇರುವುದು ಬೇರೆ. 2023ರ ಮಾರ್ಚ್‌ನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ 'ದಹಿ' ಅಂತ ಬರೆಯಿರಿ, 'ಮೊಸರು' ಬೇಕಾದರೆ ಆವರಣದೊಳಗೆ ಹಾಕಿಕೊಳ್ಳಿ ಅಂತ ಕೇಂದ್ರದ ಆಹಾರ ಪ್ರಾಧಿಕಾರ ಹೇಳಿತ್ತು. ಜನ ತಿರುಗಿಬಿದ್ದ ಮೇಲೆ ಮಾರ್ಚ್ 30ಕ್ಕೆ 'ಕರ್ಡ್' ಅನ್ನಬಹುದು ಅಂತಾಯಿತು. ಆಗಲೂ ಮೊಸರಿಗೆ ಸಿಕ್ಕಿದ್ದು ಆವರಣವೇ. ಜಗಳ ಆಡಬೇಕಾದದ್ದು ಅಂಥ ಕಡೆ. 'ಧಾಟಿ'ಯನ್ನು ಯಾರೂ ಆದೇಶ ಹೊರಡಿಸಿ ತರಲಿಲ್ಲ, ಹಾಡುವವರು ತಂದರು.

ಮೈಸೂರಿನಿಂದ:

'ದನಿ'ಗೆ ಇನ್ನೂ ಉತ್ತರ ಬಂದಿಲ್ಲ. ಪಕ್ಷ ಬದಲಿಸುವ ಅರ್ಥ ಎಲ್ಲಿದೆ, ನನಗೆ ಕಾಣಲಿಲ್ಲ.

ಕೇಳಿದವರಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾಕ್ಯಗಳಲ್ಲೂ 'ಧಾಟಿ' ಇಟ್ಟು ಜೋರಾಗಿ ಓದಿ ನೋಡಿದೆ. ಮೂರನೆಯದರಲ್ಲಿ 'ಪ್ರಕಟಣೆಯ ಧಾಟಿ ಹಿಡಿದು' ಅಂದಾಗ ಅದು ತಾನಾಗಿ ಕೂತಿತು. 'ದನಿ ಹಿಡಿದು' ಆಗಲಿಲ್ಲ ಸಾರ್, 'ಮಟ್ಟು ಹಿಡಿದು' ಅಂದರೆ ಇಲ್ಲಿ ಮನೆಯವರಿಗೇ ತಿಳಿಯಲಿಲ್ಲ. ಅಧ್ಯಾಯದ ಹೆಸರು 'ಮಾತಿನ ಧಾಟಿ' ಅಂತ ಮಾಡಿದ್ದೇನೆ. ಮೆಟ್ರೋ ಉದಾಹರಣೆಯನ್ನೂ, ಆ ಐದು 'ತೆಗಿ'ಗಳನ್ನೂ ಸೇರಿಸಿದೆ. ಕಾಗುಣಿತದ ವಿಷಯಕ್ಕೆ ಒಂದು ಚೌಕ ಕೊಟ್ಟಿದ್ದೇನೆ. ಅನುವಾದದಲ್ಲಿ 'ಮಾಡಲಾಗುವುದು' ಜಾಸ್ತಿ ಇತ್ತು, ಈಗ ಕೂತು ಒಂದೊಂದೇ ತೆಗೆಯುತ್ತಿದ್ದೇನೆ.

ಉಡುಪಿಯಿಂದ:

ಒಪ್ಪಿಲ್ಲ. ಎರಡನೇ ಮುದ್ರಣ ಮಾಡುವಾಗ ತಿಳಿಸಿ, ಮತ್ತೆ ಬರೆಯುತ್ತೇನೆ.